ಬರೆಯದೆ ಬಿಟ್ಟ ಪದ

1787ರ ಸೆಪ್ಟೆಂಬರ್ 13. ಫಿಲಡೆಲ್ಫಿಯಾದ ಸ್ಟೇಟ್ ಹೌಸಿನಲ್ಲಿ ಅಮೆರಿಕದ ಸಂವಿಧಾನದ ಕರಡು ಹೆಚ್ಚುಕಡಿಮೆ ಸಿದ್ಧವಾಗಿತ್ತು. ಸಹಿ ಬೀಳಲು ಇನ್ನು ನಾಲ್ಕೇ ದಿನ. ವರ್ಜೀನಿಯಾದ ಪ್ರತಿನಿಧಿ ಎಡ್ಮಂಡ್ ರಾಂಡಾಲ್ಫ್ ಒಂದು ಸಣ್ಣ ತಿದ್ದುಪಡಿ ಸೂಚಿಸಿದ. ಇಂತಿಷ್ಟು ವರ್ಷ ಅಂತ ಕರಾರಿನ ಮೇಲೆ ದುಡಿಯುವ ಆಳುಗಳ ಬಗ್ಗೆ ಕರಡಿನಲ್ಲಿದ್ದ ಒಂದು ಮಾತಿನಲ್ಲಿ ‘ಸರ್ವಿಟ್ಯೂಡ್’ ಎಂಬ ಪದವಿತ್ತು. ಅದನ್ನು ಹೊಡೆದು ‘ಸರ್ವಿಸ್’ ಎಂದು ಬರೆಯೋಣ ಎಂದ. ಯಾರೂ ಎದುರಾಡಲಿಲ್ಲ. ಜೇಮ್ಸ್ ಮ್ಯಾಡಿಸನ್ ತನ್ನ ಟಿಪ್ಪಣಿಯಲ್ಲಿ ಇದರ ಕಾರಣವನ್ನೂ ಬರೆದಿಟ್ಟಿದ್ದಾನೆ: ಮೊದಲನೆಯದು ಗುಲಾಮರ ಸ್ಥಿತಿಯನ್ನು ಹೇಳುವ ಪದ, ಎರಡನೆಯದು ಸ್ವತಂತ್ರರ ಹೊಣೆಯನ್ನು ಹೇಳುವ ಪದ ಎಂದು ಸಭೆಗೆ ಅನಿಸಿತಂತೆ. ದಾಸ್ಯ ಹೋಯಿತು, ಸೇವೆ ಬಂತು.

ನಾನು ಕನ್ನಡ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಕಾನೂನಾಗಲಿ ಅಮೆರಿಕದ ಚರಿತ್ರೆಯಾಗಲಿ ನನ್ನ ಕ್ಷೇತ್ರವಲ್ಲ. ಆದರೆ ಎಂ.ಎ.ಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಇಂಥ ಜಾಗ ಕಂಡರೆ ಕಣ್ಣು ನಿಲ್ಲುತ್ತದೆ. ಓಲೆಗರಿಯ ಪ್ರತಿಯಲ್ಲಿ ಒಂದು ಪದ ಬದಲಾಗಿದ್ದರೆ ಯಾರು ಬದಲಿಸಿದರು, ಯಾಕೆ ಬದಲಿಸಿದರು ಎಂದು ನಾವು ಊಹಿಸಬೇಕು. ಲಿಪಿಕಾರನ ಕಣ್ತಪ್ಪೋ ಮತದ ಕಾರಣವೋ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳಬೇಕು. ಇಲ್ಲಿ ಪದ ಬದಲಿಸಿದವರ ಹೆಸರು, ದಿನಾಂಕ, ಕಾರಣ ಎಲ್ಲವೂ ಇವೆ. ಇಷ್ಟು ದಾಖಲೆ ಇಟ್ಟುಕೊಂಡು ನಡೆದ ಮೌನ ಜಗತ್ತಿನ ಬೇರೆ ಯಾವ ಪಠ್ಯದಲ್ಲಿದೆಯೋ ನನಗೆ ಗೊತ್ತಿಲ್ಲ. ಏಕೆಂದರೆ 1787ರ ಆ ಸಂವಿಧಾನದಲ್ಲಿ ಗುಲಾಮ, ಗುಲಾಮಗಿರಿ ಎಂಬ ಪದಗಳು ಒಂದು ಕಡೆಯೂ ಇಲ್ಲ. ಗುಲಾಮಗಿರಿ ಮಾತ್ರ ಇದೆ.

ಎಲ್ಲಿದೆ ಎಂದು ನೋಡಲು ಆ ಸರ್ಕಾರದ ಕಟ್ಟೋಣವನ್ನೇ ನೋಡಬೇಕು. ಆ ಬೇಸಿಗೆಯ ದೊಡ್ಡ ಜಗಳ, ರಾಜ್ಯಗಳಿಗೆ ಎಷ್ಟೆಷ್ಟು ಬಲ ಎಂಬುದು. ದೊಡ್ಡ ರಾಜ್ಯಗಳಿಗೆ ಜನಸಂಖ್ಯೆಯ ಲೆಕ್ಕ ಬೇಕು, ಸಣ್ಣವಕ್ಕೆ ಸಮಾನತೆ ಬೇಕು. ಜುಲೈ 16ರಂದು ರಾಜಿಯಾಯಿತು: ಸೆನೆಟ್‌ನಲ್ಲಿ ಎಲ್ಲ ರಾಜ್ಯಗಳೂ ಸಮ, ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಪಠ್ಯಪುಸ್ತಕಗಳು ಇದನ್ನು ‘ಮಹಾ ರಾಜಿ’ ಎಂದು ಕರೆದು ಮುಂದೆ ಹೋಗುತ್ತವೆ. ಆದರೆ ಜನಸಂಖ್ಯೆ ಎಂದರೆ ಯಾರ ಸಂಖ್ಯೆ? ಸ್ವತಂತ್ರರು ಎಲ್ಲರೂ. ಇಂತಿಷ್ಟು ವರ್ಷ ಸೇವೆಗೆ ಕಟ್ಟುಬಿದ್ದವರೂ ಅದರಲ್ಲೇ ಸೇರಿ. ತೆರಿಗೆ ಕಟ್ಟದ ಮೂಲನಿವಾಸಿಗಳು ಲೆಕ್ಕಕ್ಕಿಲ್ಲ. ಕೊನೆಗೆ ‘ಇತರ ಎಲ್ಲ ವ್ಯಕ್ತಿಗಳ’ ಐದನೇ ಮೂರು ಭಾಗ. ಆ ‘ಇತರ’ ಎಂಬ ಪದದೊಳಗೆ, 1790ರ ಜನಗಣತಿಯ ಲೆಕ್ಕದಲ್ಲಿ, ಸುಮಾರು 7 ಲಕ್ಷ ಜನ ಇದ್ದರು. ದೇಶದ ಒಟ್ಟು ಜನಸಂಖ್ಯೆಯೇ 39 ಲಕ್ಷ ಚಿಲ್ಲರೆ.

ಈ ಭಿನ್ನರಾಶಿಯನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ಓದುತ್ತೇವೆ. ಕಪ್ಪು ಮನುಷ್ಯನನ್ನು ಪೂರ್ತಿ ಮನುಷ್ಯನೆಂದು ಒಪ್ಪದೆ ಐದನೇ ಮೂರು ಭಾಗ ಮಾತ್ರ ಒಪ್ಪಿದರು ಎಂದು. ನಾನೂ ಹಾಗೇ ತಿಳಿದಿದ್ದೆ. ಹಾಗೆ ಓದಿದರೆ, ಪೂರ್ತಿ ಒಂದು ಎಂದು ಲೆಕ್ಕ ಹಾಕಿದ್ದರೆ ಒಳ್ಳೆಯದಾಗುತ್ತಿತ್ತು ಎಂದಾಗುತ್ತದೆ. ನಿಜ ತಿರುಗಾಮುರುಗಾ. ಪೂರ್ತಿ ಎಣಿಸಿ ಎಂದು ಪಟ್ಟು ಹಿಡಿದವರು ದಕ್ಷಿಣದ ಮಾಲೀಕರು. ಎಣಿಸಲೇಬೇಡಿ ಎಂದವರು ಉತ್ತರದವರು. ಎಣಿಕೆಯ ಫಲ ಎಣಿಸಲ್ಪಟ್ಟವರಿಗೆ ಸೇರುವುದಲ್ಲ, ಅವರ ಒಡೆಯರಿಗೆ ಸೇರುವುದು. ವರ್ಜೀನಿಯಾ ಒಂದರಲ್ಲೇ ಸುಮಾರು 2.9 ಲಕ್ಷ ಗುಲಾಮರು. ಅವರಲ್ಲಿ ಒಬ್ಬರಿಗೂ ಮತವಿಲ್ಲ, ಆದರೆ ಅವರಿಂದಾಗಿ ಆ ರಾಜ್ಯದ ಲೆಕ್ಕಕ್ಕೆ 1.75 ಲಕ್ಷ ತಲೆಗಳು ಸೇರಿದವು. ಅಧ್ಯಕ್ಷನನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿಗೂ ಇದೇ ಲೆಕ್ಕ ದಾಟಿಹೋಯಿತು, ಏಕೆಂದರೆ ಪ್ರತಿ ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲೂ ಸೆನೆಟ್‌ನಲ್ಲೂ ಇರುವ ಸ್ಥಾನಗಳನ್ನು ಕೂಡಿಸಿದಷ್ಟು ಅಲ್ಲಿ ಮತ. ಜನರೇ ನೇರವಾಗಿ ಆರಿಸುವುದು ಒಳ್ಳೆಯದು, ಆದರೆ ಆಗ ದಕ್ಷಿಣಕ್ಕೆ ಅದರ ಕರಿಯರ ಲೆಕ್ಕದಿಂದ ಏನೂ ದಕ್ಕದು ಎಂಬರ್ಥದಲ್ಲಿ ಮ್ಯಾಡಿಸನ್ ಜುಲೈ 19ರಂದು ಮಾತಾಡಿದ್ದ. ಹೊಸ ಸರ್ಕಾರದ ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷ ಪದವಿಯಲ್ಲಿ ಇದ್ದವರು ವರ್ಜೀನಿಯಾದವರು. ಅದಕ್ಕೆ ಇದೊಂದೇ ಕಾರಣವಲ್ಲ. ಆದರೆ ಇದು ಕಾರಣವೇ ಅಲ್ಲ ಎನ್ನುವುದೂ ಕಷ್ಟ.

ಇನ್ನೆರಡು ಕಡೆ. ರಾಜ್ಯಗಳು ಒಳಕ್ಕೆ ಬಿಟ್ಟುಕೊಳ್ಳಲು ಬಯಸುವ ‘ಅಂಥ ವ್ಯಕ್ತಿಗಳ’ ವಲಸೆ ಅಥವಾ ಆಮದನ್ನು 1808ರ ತನಕ ಕಾಂಗ್ರೆಸ್ ತಡೆಯುವಂತಿಲ್ಲ. ಬೇಕಾದರೆ ತಲೆಗೆ 10 ಡಾಲರ್ ಮೀರದ ಸುಂಕ ಹಾಕಬಹುದು. ಮತ್ತೆ, ಒಂದು ರಾಜ್ಯದ ಕಾನೂನಿನಂತೆ ಸೇವೆಗೋ ದುಡಿಮೆಗೋ ಒಳಪಟ್ಟ ವ್ಯಕ್ತಿ ಇನ್ನೊಂದು ರಾಜ್ಯಕ್ಕೆ ಓಡಿಹೋದರೆ ಹಿಂದಿರುಗಿಸಬೇಕು. ಈ ಕೊನೆಯ ಮಾತಿಗೂ ಕಡೇ ಗಳಿಗೆಯಲ್ಲಿ ಉಜ್ಜುಗಾಗದ ತಾಗಿದೆ. ಮೊದಲು ‘ಕಾನೂನುಬದ್ಧವಾಗಿ’ ಒಳಪಟ್ಟ ಎಂದಿತ್ತು. ಹಾಗೆಂದರೆ ಗುಲಾಮಗಿರಿ ನೈತಿಕವಾಗಿಯೂ ಸರಿ ಎಂಬ ಅರ್ಥ ಬಂದೀತು ಎಂದು ಕೆಲವರಿಗೆ ಅನಿಸಿತು. ಸೆಪ್ಟೆಂಬರ್ 15ರಂದು ಅದನ್ನು ತೆಗೆದು, ಆಯಾ ರಾಜ್ಯದ ಕಾನೂನಿನ ಮಾತು ಸೇರಿಸಿದರು.

ಈ ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಒಳಪಟ್ಟ ವ್ಯಕ್ತಿ’. ಒಳಪಡಿಸಿದವರು ಯಾರು? ಕನ್ನಡಕ್ಕೆ ಕರ್ಮಣಿ ಪ್ರಯೋಗ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ಹಾಗಾಗಿ ಅನುವಾದಿಸುವಾಗ ಪ್ರತಿ ಸಲ ಕರ್ತೃಪದ ಬೇಕೆಂದು ನಾಲಿಗೆ ತಡವರಿಸುತ್ತದೆ. ಆ ಇಂಗ್ಲಿಷು ಹಾಗೆ ತಡವರಿಸುವುದಿಲ್ಲ. ಒಡೆಯನಿಲ್ಲ, ಹಗ್ಗವಿಲ್ಲ, ಹಡಗಿಲ್ಲ. ಯಾರೋ ‘ವ್ಯಕ್ತಿ’ ಇದ್ದಾನೆ, ಅವನಿಗೇನೋ ಆಗಿದೆ. ಕೊನೆಯ ಪಠ್ಯಕ್ಕೆ ರೂಪ ಕೊಟ್ಟ ಶೈಲಿ ಸಮಿತಿಯಲ್ಲಿ ಲೇಖನಿ ಹಿಡಿದವನು ಪೆನ್ಸಿಲ್ವೇನಿಯಾದ ಗವರ್ನರ್ ಮಾರಿಸ್. ‘ಗವರ್ನರ್’ ಇಲ್ಲಿ ಹುದ್ದೆಯಲ್ಲ, ಅವನ ಹೆಸರೇ ಅದು. 23 ಕಲಮುಗಳನ್ನು 7ಕ್ಕೆ ಇಳಿಸಿದ್ದು, ಒಂದೊಂದೇ ರಾಜ್ಯದ ಹೆಸರು ಹೇಳುತ್ತ ಹೋಗುತ್ತಿದ್ದ ಪೀಠಿಕೆಯನ್ನು ಇಡೀ ದೇಶದ ‘ಜನರಾದ ನಾವು’ ಎಂದು ಮಾಡಿದ್ದು ಈ ಹಂತದಲ್ಲಿ. ಇದೇ ಮಾರಿಸ್ ಆಗಸ್ಟ್ 8ರಂದು ಸಭೆಯಲ್ಲಿ ಗುಲಾಮಗಿರಿಯ ವಿರುದ್ಧ ಕಿಡಿಕಾರಿದ್ದ. ಆ ಬೇಸಿಗೆಯಲ್ಲಿ ಅಷ್ಟು ಖಾರವಾಗಿ ಮಾತಾಡಿದವರು ಕಡಿಮೆ. ಒಂದು ತಿಂಗಳ ನಂತರ ಅವನ ಕೈಯಿಂದಲೇ ಈ ನಯವಾದ ಗದ್ಯ ಬಂತು. ಆ ಗದ್ಯದ ಅಡಕವನ್ನು ಎಲ್ಲರೂ ಹೊಗಳುತ್ತಾರೆ. ನನಗೂ ಅದು ಚೆಂದವೇ. ಆ ಚೆಂದವೇ ಕಿರಿಕಿರಿ.

ಆ ಕಾಲದ ಸಭ್ಯರ ಬಾಯಲ್ಲಿ ಆ ಪದ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಹಾಗಿಲ್ಲ. ಅದೇ ಬೇಸಿಗೆ, ಜುಲೈ 13ರಂದು, ನ್ಯೂಯಾರ್ಕಿನಲ್ಲಿ ಕೂತಿದ್ದ ಹಳೆಯ ಒಕ್ಕೂಟದ ಕಾಂಗ್ರೆಸ್ ವಾಯವ್ಯ ಪ್ರಾಂತ್ಯದ ಕಾಯಿದೆಯನ್ನು ಒಪ್ಪಿತು. ಓಹಾಯೋ ನದಿಯ ಆಚೆಗಿನ ಆ ಸೀಮೆಯಲ್ಲಿ ಗುಲಾಮಗಿರಿಯೂ ಬಲವಂತದ ದಾಸ್ಯವೂ ಕೂಡದು ಎಂದು ಅದರ ಆರನೇ ಕಲಮು ಹೆಸರು ಹಿಡಿದೇ ಹೇಳುತ್ತದೆ. ಎರಡು ಊರುಗಳ ನಡುವೆ ನೂರು ಮೈಲಿಯೂ ಇಲ್ಲ. ನಿಷೇಧಿಸುವ ಕಡೆ ಪದ ಬರುತ್ತದೆ, ಕಾಪಾಡುವ ಕಡೆ ಬರುವುದಿಲ್ಲ. ನಾಚಿಕೆಗೂ ಒಂದು ವ್ಯಾಕರಣವಿದೆ ಎಂದು ನನಗೆ ಮೊದಲು ಹೊಳೆದದ್ದು ಈ ಎರಡು ಪಠ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ.

ಮ್ಯಾಡಿಸನ್ನನ ಖಾಸಗಿ ಕಾಗದಗಳಲ್ಲೂ ಆ ಪದಕ್ಕೆ ಅಡ್ಡಿಯಿಲ್ಲ. 1783ರಲ್ಲಿ ಇದೇ ಫಿಲಡೆಲ್ಫಿಯಾದಿಂದ ಅಪ್ಪನಿಗೆ ಬರೆದ ಪತ್ರದಲ್ಲಿ ಬಿಲ್ಲಿ ಎಂಬ ಗುಲಾಮನ ವಿಷಯವಿದೆ. ಈ ಊರಿನ ಗಾಳಿ ಸೋಕಿದ ಇವನನ್ನು ವರ್ಜೀನಿಯಾದ ಉಳಿದ ಗುಲಾಮರ ನಡುವೆ ಮತ್ತೆ ಬಿಡುವಂತಿಲ್ಲ. ನಾವು ಇಷ್ಟು ರಕ್ತ ಸುರಿಸಿ ಪಡೆದ ಸ್ವಾತಂತ್ರ್ಯವನ್ನೇ ಅವನು ಬಯಸಿದ, ಅದಕ್ಕಾಗಿ ಅವನನ್ನು ಶಿಕ್ಷಿಸುವುದು ಹೇಗೆ ಎಂಬುದು ಪತ್ರದ ಧಾಟಿ. ಹಾಗಂತ ಬಿಟ್ಟುಬಿಡಲಿಲ್ಲ, ಅಲ್ಲೇ ಮಾರಿದ. ಪೆನ್ಸಿಲ್ವೇನಿಯಾದ ಕಾನೂನಿನಲ್ಲಿ 7 ವರ್ಷಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಹಾಗಾಗಿ ಪೂರ್ತಿ ಬೆಲೆ ಸಿಗದು ಎಂಬ ಲೆಕ್ಕವೂ ಆ ಪತ್ರದಲ್ಲೇ ಇದೆ. ಅಂದರೆ, ನಾಲ್ಕು ವರ್ಷ ಬಿಟ್ಟು ಬಂದ ಸಂವಿಧಾನದ ಭಾಷೆಯಲ್ಲಿ ಹೇಳುವುದಾದರೆ, ಬಿಲ್ಲಿ ‘ಇತರ ವ್ಯಕ್ತಿ’ಯಿಂದ ‘ಇಂತಿಷ್ಟು ವರ್ಷ ಸೇವೆಗೆ ಕಟ್ಟುಬಿದ್ದವ’ನಾದ. ರಾಂಡಾಲ್ಫ್ ತಿದ್ದಿದ ಆ ಒಂದು ಪದದ ಗಡಿಯನ್ನು ದಾಟಿದ ಮನುಷ್ಯ. ಗಡಿಯ ಈಚೆಗೆ ಅವನೊಂದು ಪೂರ್ಣಾಂಕ.

ಸಂವಿಧಾನವನ್ನು ಸಮರ್ಥಿಸಿ ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ ‘ಪಬ್ಲಿಯಸ್’ ಎಂಬ ಒಂದೇ ಕಾವ್ಯನಾಮದಲ್ಲಿ ಪತ್ರಿಕೆಗಳಿಗೆ ಬರೆದ 85 ಲೇಖನಗಳು ‘ದಿ ಫೆಡರಲಿಸ್ಟ್’ ಎಂದು ಪ್ರಸಿದ್ಧ. ಐದನೇ ಮೂರು ಭಾಗದ ಸಮರ್ಥನೆ 54ನೆಯದು, 1788ರ ಫೆಬ್ರವರಿಯದು. ಅದನ್ನು ಬರೆದವನು ಮ್ಯಾಡಿಸನ್ ಎಂಬುದೇ ಇಂದಿನ ಸಾಮಾನ್ಯ ಅಭಿಪ್ರಾಯ. ಈ ವಾದವನ್ನು ಪಬ್ಲಿಯಸ್ ತನ್ನ ಬಾಯಲ್ಲಿ ಹೇಳುವುದಿಲ್ಲ. ದಕ್ಷಿಣದ ನಮ್ಮ ಸೋದರನೊಬ್ಬ ಹೀಗೆ ಹೇಳಬಹುದು ಎಂದು ಒಂದು ಪಾತ್ರವನ್ನು ಕಟ್ಟಿ, ಪುಟಗಟ್ಟಲೆ ಅವನಿಂದ ಮಾತಾಡಿಸಿ, ಕೊನೆಗೆ ಈ ವಾದ ಅಲ್ಲಲ್ಲಿ ಸ್ವಲ್ಪ ಎಳೆದಂತಿದೆ, ಆದರೂ ನಾನು ಒಪ್ಪಿದೆ ಎಂದು ಮುಗಿಸುತ್ತಾನೆ. ವರ್ಜೀನಿಯಾದ ಒಡೆಯನೊಬ್ಬ ನ್ಯೂಯಾರ್ಕಿನ ಲೇಖಕನ ಸೋಗು ಹಾಕಿ, ಆ ಲೇಖಕನ ಒಳಗೆ ವರ್ಜೀನಿಯಾದ ಒಡೆಯನೊಬ್ಬನನ್ನು ಕರೆತಂದಂತೆ. ಪಾತ್ರದ ಬಾಯಿಗೆ ಮಾತು ತುರುಕಿ ತಾನು ಬದಿಗೆ ಸರಿಯುವ ಈ ಉಪಾಯ ಕಾದಂಬರಿ ಓದುವವರಿಗೆ ಹೊಸದಲ್ಲ.

ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಹೆಚ್ಚಿನದು 1787ರ ಓದುಗರಿಗೆ ತಿಳಿದಿರಲಿಲ್ಲ. ಸಭೆ ಬಾಗಿಲು ಹಾಕಿಕೊಂಡು ನಡೆದಿತ್ತು. ಒಳಗಿನ ಮಾತನ್ನು ಹೊರಗೆ ಆಡಬಾರದೆಂಬ ನಿಯಮವಿತ್ತು. ಕಾರ್ಯದರ್ಶಿ ವಿಲಿಯಂ ಜಾಕ್ಸನ್ ಬಿಡಿ ಚೀಟಿಗಳನ್ನೆಲ್ಲ ಸುಟ್ಟುಹಾಕಿದ. ಮ್ಯಾಡಿಸನ್ ಮಾತ್ರ ಅಧ್ಯಕ್ಷಪೀಠದ ಎದುರಿಗೇ ಕೂತು ಸಂಕ್ಷಿಪ್ತವಾಗಿ ಗುರುತು ಹಾಕಿಕೊಂಡು, ಆಮೇಲೆ ಬಿಡಿಸಿ ಬರೆದ. ಬದುಕಿರುವ ತನಕ ಪ್ರಕಟಿಸಲಿಲ್ಲ. ಸಭೆಯಲ್ಲಿದ್ದ 55 ಜನರಲ್ಲಿ ಎಲ್ಲರಿಗಿಂತ ಕೊನೆಗೆ, 1836ರಲ್ಲಿ, ತೀರಿಕೊಂಡವನು ಅವನೇ. ಮರುವರ್ಷ ಅವನ ಹೆಂಡತಿ ಡಾಲಿಯಿಂದ ಕಾಂಗ್ರೆಸ್ 30,000 ಡಾಲರಿಗೆ ಆ ಕಾಗದಗಳನ್ನು ಕೊಂಡಿತು. 1840ರಲ್ಲಿ ಅವು ಅಚ್ಚಾದವು.

ಅಚ್ಚಾದದ್ದೇ ತಡ, ಸಂವಿಧಾನದ ಅರ್ಥ ಬದಲಾಯಿತು. ಒಂದಕ್ಷರವೂ ಬದಲಾಗದೆ! ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವೆಂಡೆಲ್ ಫಿಲಿಪ್ಸ್ 1844ರಲ್ಲಿ ಟಿಪ್ಪಣಿಗಳಿಂದ ಆಯ್ದ ಭಾಗಗಳನ್ನು ಪ್ರಕಟಿಸಿ, ನೋಡಿ, ಇದು ಗುಲಾಮಗಿರಿಯ ಪರವಾದ ಒಪ್ಪಂದ, ಇಲ್ಲಿದೆ ಸಾಕ್ಷಿ ಎಂದ. ಅವನ ಗೆಳೆಯ ವಿಲಿಯಂ ಲಾಯ್ಡ್ ಗ್ಯಾರಿಸನ್ 1854ರ ಜುಲೈ 4ರಂದು ಮ್ಯಾಸಚೂಸೆಟ್ಸಿನ ಫ್ರೇಮಿಂಗ್‌ಹ್ಯಾಮಿನಲ್ಲಿ ಜನರ ಎದುರು ಸಂವಿಧಾನದ ಪ್ರತಿಯನ್ನು ಸುಟ್ಟ. ಮೂರು ವರ್ಷಗಳ ನಂತರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಟಾನಿ, ಕರಿಯರು ಈ ದೇಶದ ‘ಜನ’ರಲ್ಲಿ ಸೇರಿಲ್ಲ, ಸಂವಿಧಾನ ರಚಿಸಿದವರ ಮನಸ್ಸಿನಲ್ಲಿ ಅವರಿರಲಿಲ್ಲ ಎಂದು ತೀರ್ಪು ಕೊಟ್ಟ. ಸುಟ್ಟವನೂ ಪೀಠದಲ್ಲಿ ಕೂತವನೂ ಬದ್ಧ ವಿರೋಧಿಗಳು. ಓದುವ ಕ್ರಮ ಮಾತ್ರ ಒಂದೇ: ಬರೆದವರ ಆಶಯವೇ ಪಠ್ಯದ ಅರ್ಥ.

ಫ್ರೆಡರಿಕ್ ಡಗ್ಲಸ್ ಇದನ್ನು ಒಪ್ಪಲಿಲ್ಲ. ಮೊದಲು ಒಪ್ಪಿದ್ದ. ಗ್ಯಾರಿಸನ್ನನ ಬಳಗದಲ್ಲೇ ಬೆಳೆದು, 1851ರಲ್ಲಿ ಬಹಿರಂಗವಾಗಿ ಆ ಓದನ್ನು ಬಿಟ್ಟ. ಅವನ ವಾದ ಪೂರ್ಣರೂಪದಲ್ಲಿ ಸಿಗುವುದು 1860ರ ಮಾರ್ಚ್ 26ರಂದು ಗ್ಲ್ಯಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ. ಅದರ ತಿರುಳು ಇಷ್ಟು: ಸಂವಿಧಾನವೆಂದರೆ ಬರೆದಿಟ್ಟ ಆ ಕಾಗದ, ಅದರಾಚೆ ಏನಿಲ್ಲ. ಒಳಗೆ ನಡೆದ ಮಾತುಗಳನ್ನು ಬೇಕೆಂದೇ ಗುಟ್ಟಾಗಿಟ್ಟರಲ್ಲ, ಹಾಗಾದರೆ ಜನ ಒಪ್ಪಿದ್ದು ಆ ಗುಟ್ಟನ್ನಲ್ಲ, ಕಣ್ಣೆದುರಿಗಿದ್ದ ಪಠ್ಯವನ್ನು. ಆ ಪಠ್ಯದಲ್ಲಿ ಗುಲಾಮ ಎಂಬ ಪದವಿಲ್ಲ, ‘ವ್ಯಕ್ತಿ’ ಎಂಬ ಪದವಿದೆ, ‘ಜನರಾದ ನಾವು’ ಎಂದಿದೆ, ಬಿಳಿಯರಾದ ನಾವು ಎಂದಿಲ್ಲ. ನಾಚಿಕೆಯಿಂದ ಅವರು ಬಿಟ್ಟ ಜಾಗವನ್ನು ಅವರ ವಿರುದ್ಧವೇ ಓದುವ ಹಕ್ಕು ನಮಗಿದೆ.

ಸೆಮಿನಾರುಗಳಲ್ಲಿ ‘ಕರ್ತೃವಿನ ಸಾವು’ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲೂ ಅದಿದೆ, ಸ್ವಲ್ಪ ಅಲಂಕಾರಕ್ಕೆಂದೇ. ಬಾರ್ತ್ ಅದನ್ನು ಬರೆಯುವ ನೂರು ವರ್ಷ ಮೊದಲು, ಹುಟ್ಟಾ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದವನೊಬ್ಬ ಬರೆದವರ ಮನಸ್ಸು ನಮಗೆ ಬೇಡ, ಪಠ್ಯ ಕೊಡಿ ಎಂದು ಕೇಳಿದ್ದ. ಅವನಿಗೆ ಅದು ಸಿದ್ಧಾಂತವಾಗಿರಲಿಲ್ಲ. ಆಶಯವನ್ನು ನಂಬಿದರೆ ಅವನು ಸೊತ್ತು, ಅಕ್ಷರವನ್ನು ನಂಬಿದರೆ ಅವನು ವ್ಯಕ್ತಿ.

ಹಾಗಾದರೆ ಡಗ್ಲಸ್ ಸರಿಯೇ? ಚರಿತ್ರೆಯಾಗಿ ಗ್ಯಾರಿಸನ್ನನ ಓದೇ ಹೆಚ್ಚು ಸರಿ ಎಂದು ನನಗನಿಸುತ್ತದೆ. ಆ ಮೂರು ಕಲಮುಗಳು ಯಾರಿಗಾಗಿ ಬಂದವು ಎಂಬುದರಲ್ಲಿ ಅನುಮಾನವಿಲ್ಲ, ಓಡಿಹೋದವರನ್ನು ಹಿಡಿದು ತಂದದ್ದು ನಿಜವಾದ ಹಗ್ಗದಿಂದ. ಆದರೆ ಓದಾಗಿ ಡಗ್ಲಸ್‌ನದು ದೊಡ್ಡದು. ಈಚಿನ ವಿದ್ವಾಂಸರಲ್ಲೂ ಈ ಜಗಳ ಮುಗಿದಿಲ್ಲ. ಡೇವಿಡ್ ವಾಲ್ಡ್‌ಸ್ಟ್ರೈಕರ್ 2009ರಲ್ಲಿ ಅದನ್ನು ಗುಲಾಮಗಿರಿಯ ಸಂವಿಧಾನ ಎಂದೇ ಕರೆದರು. ಮನುಷ್ಯರಲ್ಲಿ ಆಸ್ತಿ ಎಂಬ ಕಲ್ಪನೆಯನ್ನು ಸಭೆ ಬೇಕೆಂದೇ ಹೊರಗಿಟ್ಟಿತು, ಮುಂದೆ ಅದರಿಂದಲೇ ದಾರಿ ತೆರೆಯಿತು ಎಂದು ಶಾನ್ ವಿಲೆಂಟ್ಸ್ 2018ರಲ್ಲಿ ವಾದಿಸಿದರು. ವಿಲೆಂಟ್ಸ್ ಅವರಿಗೆ ಮುಖ್ಯ ಆಧಾರಗಳಲ್ಲೊಂದು, ಅಂಥ ಕಲ್ಪನೆಗೆ ಸಂವಿಧಾನದಲ್ಲಿ ಜಾಗ ಕೊಡುವುದು ತಪ್ಪು ಎಂದು ಮ್ಯಾಡಿಸನ್ ಆಗಸ್ಟ್ 25ರಂದು ಹೇಳಿದನೆಂಬ ಮಾತು. ಆ ಮಾತು ಸಿಗುವುದು ಮ್ಯಾಡಿಸನ್ನನದೇ ಟಿಪ್ಪಣಿಯಲ್ಲಿ. ಮೇರಿ ಸಾರಾ ಬಿಲ್ಡರ್ ಕಾಗದ, ನೀರ್ಗುರುತು, ಕೈಬರಹಗಳನ್ನು ಪರೀಕ್ಷಿಸಿ 2015ರಲ್ಲಿ ತೋರಿಸಿದ್ದೇನೆಂದರೆ, ಆ ಟಿಪ್ಪಣಿಗಳು ಅಂದಂದೇ ಬರೆದು ಮುಗಿಸಿದವಲ್ಲ. ಅವನ್ನು ಮ್ಯಾಡಿಸನ್ ದಶಕಗಟ್ಟಲೆ ತಿದ್ದಿದ. ಆಗಸ್ಟ್ 21ರ ನಂತರದ ಭಾಗವನ್ನಂತೂ ಬಹಳ ತಡವಾಗಿ ಬಿಡಿಸಿ ಬರೆದ. ಆಗಸ್ಟ್ 25 ಬರುವುದು ಆ ಭಾಗದಲ್ಲಿ. ನಾನು ಆರಂಭದಲ್ಲಿ ಅಷ್ಟು ಖುಷಿಯಿಂದ ಹೇಳಿದ ಸೆಪ್ಟೆಂಬರ್ 13 ಕೂಡ ಅಲ್ಲೇ. ಪದ ಹೊಡೆದದ್ದು ನಿಜ. ಕಾರಣ ಎಂದು ಬರೆದದ್ದು ಅಂದಿನ ಸಭೆಯದೋ, ಮುಂದೆ ಓದುವವರ ಮೇಲೆ ಕಣ್ಣಿಟ್ಟ ಮ್ಯಾಡಿಸನ್ನನದೋ? ಓಲೆಗರಿಯವರ ಪಾಡೇ ನಮಗೂ ಬಂತು.

1865ರ ಡಿಸೆಂಬರಿನಲ್ಲಿ, ಅಂತರ್ಯುದ್ಧ ಮುಗಿದ ಮೇಲೆ, 13ನೇ ತಿದ್ದುಪಡಿ ಅಂಗೀಕಾರವಾಯಿತು. ‘ಗುಲಾಮಗಿರಿ’ ಎಂಬ ಪದ ಅಮೆರಿಕದ ಸಂವಿಧಾನದೊಳಗೆ ಬಂದದ್ದು ಆಗ, ಅದನ್ನು ತೆಗೆದುಹಾಕುವ ವಾಕ್ಯದಲ್ಲಿ. ಪಕ್ಕದಲ್ಲೇ ರಾಂಡಾಲ್ಫ್ ಹೊಡೆಸಿದ್ದ ‘ಸರ್ವಿಟ್ಯೂಡ್’ ಕೂಡ 78 ವರ್ಷಗಳ ನಂತರ ವಾಪಸು ಬಂತು, ವಾಯವ್ಯ ಪ್ರಾಂತ್ಯದ ಕಾಯಿದೆಯ ದಾರಿಯಿಂದ. ಅಪರಾಧಕ್ಕೆ ಶಿಕ್ಷೆಯಾಗಿ ಹೊರತು ಎಂಬ ಒಂದು ಸಣ್ಣ ಕಿಂಡಿಯನ್ನೂ ಜೊತೆಗೆ ತಂದಿತು. ಆ ಕಿಂಡಿಯ ಕತೆ ಬೇರೆಯೇ ಲೇಖನ ಕೇಳುತ್ತದೆ. ನಮ್ಮ ಸಂವಿಧಾನದ 17ನೇ ವಿಧಿಯೂ ಹೆಸರಿಸಿಯೇ ನಿಷೇಧಿಸುತ್ತದೆ. ಅಲ್ಲಿ ‘ಅಸ್ಪೃಶ್ಯತೆ’ ಎಂಬ ಪದ ಉದ್ಧರಣ ಚಿಹ್ನೆಯೊಳಗಿದೆ, ವ್ಯಾಖ್ಯಾನ ಇಲ್ಲ. 1950ರ ದಶಕದಲ್ಲಿ ಮೈಸೂರು ಹೈಕೋರ್ಟು ಆ ಚಿಹ್ನೆಯನ್ನೇ ಗಮನಿಸಿ, ಇದು ಪದದ ನಿಘಂಟಿನ ಅರ್ಥವಲ್ಲ, ಈ ನೆಲದಲ್ಲಿ ಚಾರಿತ್ರಿಕವಾಗಿ ಬೆಳೆದ ಆಚರಣೆ ಎಂದು ಓದಿತು. ಒಂದು ಜೋಡಿ ಚಿಹ್ನೆಯೂ ಇಷ್ಟು ಕೆಲಸ ಮಾಡುತ್ತದೆ.

1865ರಲ್ಲೇ ಇನ್ನೊಂದು ಪುಟ್ಟ ಪುಸ್ತಕ ಬಂತು. ಬರೆದವನು ಪಾಲ್ ಜೆನ್ನಿಂಗ್ಸ್. ಮ್ಯಾಡಿಸನ್ನನ ಎಸ್ಟೇಟಿನಲ್ಲಿ ಗುಲಾಮನಾಗಿ ಹುಟ್ಟಿ, ಹುಡುಗನಾಗಿದ್ದಾಗಲೇ ಶ್ವೇತಭವನಕ್ಕೆ ಹೋದವನು. ಕೊನೆಯ 16 ವರ್ಷ ದಿನ ಬಿಟ್ಟು ದಿನ ಮ್ಯಾಡಿಸನ್ನನ ಗಡ್ಡ ಹೆರೆದವನು, ಅಂದರೆ ಆ ಮುದುಕ ಟಿಪ್ಪಣಿಗಳನ್ನು ಪ್ರಕಟಣೆಗೆ ಅಣಿಮಾಡುತ್ತಿದ್ದ ವರ್ಷಗಳಲ್ಲಿ. ಅವನು ಸಾಯುವಾಗಲೂ ಹತ್ತಿರವೇ ಇದ್ದ. ಆ ಪುಸ್ತಕದಲ್ಲಿ ಒಡೆಯನ ಮೇಲೆ ಒಂದು ಕೆಟ್ಟ ಮಾತಿಲ್ಲ. ಇದು ಮೊದಲ ಓದಿನಲ್ಲಿ ನನಗೆ ನಿರಾಸೆ ತಂದಿತ್ತು. ಡಾಲಿ 1846ರಲ್ಲಿ ಅವನನ್ನು ಮಾರಿದಳು. ಮರುವರ್ಷ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಬಿಡಿಸಿದ. ತಿಂಗಳಿಗೆ 8 ಡಾಲರಿನಂತೆ ದುಡಿದು ತೀರಿಸಬೇಕೆಂದು ಕರಾರು. 15 ತಿಂಗಳಿನ ಸರ್ವಿಸ್. ಆ ದಿನಗಳಲ್ಲಿ ಡಾಲಿ ಮ್ಯಾಡಿಸನ್ ವಾಷಿಂಗ್ಟನ್ನಿನಲ್ಲಿ ಊಟಕ್ಕೂ ತತ್ವಾರವಾಗಿ ಬದುಕುತ್ತಿದ್ದಳು. ವೆಬ್‌ಸ್ಟರ್ ಆಗಾಗ ಬುಟ್ಟಿ ತುಂಬ ದಿನಸಿ ಕಳಿಸುತ್ತಿದ್ದ, ಹೊತ್ತುಕೊಂಡು ಹೋಗುತ್ತಿದ್ದವನು ಜೆನ್ನಿಂಗ್ಸ್. ಕೆಲವು ಸಲ ತನ್ನ ಜೇಬಿನಿಂದಲೂ ಅಷ್ಟಿಷ್ಟು ಕೊಟ್ಟು ಬರುತ್ತಿದ್ದೆ ಎಂದು ಅವನು ಬರೆಯುತ್ತಾನೆ. ಯಾಕೆ ಕೊಟ್ಟೆ ಎಂದು ಬರೆದಿಲ್ಲ.